ಕೈ ಎತ್ತುವ ಮುನ್ನ: ಮುಂಬಯಿಯ ಜ್ಯೂರಿಗಳ ಕಥೆ

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ನನ್ನನ್ನು ಆಂತರಿಕ ಸಮಿತಿಗೆ ಸೇರಿಸಿದರು. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸಲು 2013ರ ಕಾನೂನಿನಂತೆ ರಚಿಸಬೇಕಾದ ಸಮಿತಿ ಅದು. ಹಿರಿಯ ಹುದ್ದೆಯ ಮಹಿಳೆಯೊಬ್ಬರು ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಜೊತೆಗೆ ಕಚೇರಿಗೆ ಸಂಬಂಧವಿಲ್ಲದ ಒಬ್ಬ ಹೊರಗಿನವರು. ನಮ್ಮ ಮುಂದೆ ಒಂದು ದೂರು ಬಂತು. ಯಾರು, ಏನು, ಎಲ್ಲಿ, ಕೊನೆಗೇನಾಯಿತು ಎಂಬುದನ್ನು ಹೇಳಲು ಕಾನೂನು ಬಿಡುವುದಿಲ್ಲ, ನಾನೂ ಹೇಳುವುದಿಲ್ಲ. ನಾನು ಹೇಳಬಹುದಾದದ್ದು ನನ್ನ ಕೈಯ ಬಗ್ಗೆ ಮಾತ್ರ.

ಮೊದಲ ದಿನವೇ, ಕಾಗದಪತ್ರಗಳನ್ನು ಪೂರ್ತಿ ಓದುವ ಮುಂಚೆಯೇ, ಒಬ್ಬರು “ಎಲ್ಲರ ಅಭಿಪ್ರಾಯವೂ ಒಂದೇ ಅಲ್ಲವೇ? ಕೈ ಎತ್ತಿಬಿಡೋಣ” ಎಂದರು. ಸಂಜೆಯಾಗಿತ್ತು, ಎಲ್ಲರಿಗೂ ಲೋಕಲ್ ಹಿಡಿಯುವ ಆತುರ. ಒಂದೊಂದೇ ಕೈ ಮೇಲಕ್ಕೆ ಹೋಯಿತು, ಅವುಗಳ ಜೊತೆ ನನ್ನದೂ. ಹೊರಗಿನಿಂದ ಬಂದಿದ್ದ ಆ ಹಿರಿಯ ಮಹಿಳೆಯ ಕೈ ಮಾತ್ರ ಮೇಜಿನ ಮೇಲೇ ಇತ್ತು. “ನಾನಿನ್ನೂ ಓದಿಲ್ಲ” ಎಂದರು ಅವರು, ಅಷ್ಟೇ. ಎತ್ತಿದ ಕೈಯನ್ನು ಇಳಿಸುವಾಗ ಆದ ನಾಚಿಕೆ ಇವತ್ತಿಗೂ ನೆನಪಿದೆ. ಏಕೆಂದರೆ ನಾನೂ ಓದಿರಲಿಲ್ಲ.

ನಾನು ಕಂಪ್ಯೂಟರ್ ಓದಿದವಳು, ಕಾನೂನು ಓದಿದವಳಲ್ಲ. ಆದರೆ ಆ ಸಂಜೆಯಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು: ನ್ಯಾಯಾಧೀಶರಲ್ಲದ ನಮ್ಮಂಥ ಸಾಮಾನ್ಯರನ್ನು ಒಂದು ಕೋಣೆಯಲ್ಲಿ ಕೂರಿಸಿ “ತೀರ್ಮಾನಿಸಿ” ಎಂದರೆ, ನಾವು ತೀರ್ಮಾನಿಸುವುದು ಹೇಗೆ? ಹುಡುಕುತ್ತಾ ಹೋದಾಗ ಸಿಕ್ಕಿದ್ದು ಜ್ಯೂರಿಯ ಚರಿತ್ರೆ. ಅದರ ದೊಡ್ಡ ಅಧ್ಯಾಯಗಳೆರಡು ನಮ್ಮ ಮುಂಬಯಿಯಲ್ಲೇ ನಡೆದಿವೆ.

ಎರಡು ಕಲ್ಯಾಣಗಳು

ಹತ್ತು ಜನ ಕೂಡಿ ನ್ಯಾಯ ಹೇಳುವುದು ನಮಗೇನೂ ಹೊಸದಲ್ಲ. ಅರಳಿಕಟ್ಟೆ, ಪಂಚರು, ಹತ್ತು ಸಮಸ್ತರು ಎಂಬ ಮಾತುಗಳು ಊರಿನ ಕಡೆ ಇನ್ನೂ ಸತ್ತಿಲ್ಲ. ನನಗೆ ಅಚ್ಚರಿಯಾದದ್ದು, ಈ ವಿಷಯದಲ್ಲಿ ಬಹಳ ಖಚಿತವಾದ ಮಾತೊಂದು ಕಲ್ಯಾಣದಿಂದ ಬಂದಿದೆ ಎಂಬುದು. ನಮ್ಮ ಸೆಂಟ್ರಲ್ ಲೈನಿನ ಕಲ್ಯಾಣ ಅಲ್ಲ, ಬೀದರ್ ಜಿಲ್ಲೆಯ ಬಸವಕಲ್ಯಾಣ. 1076ರಿಂದ ಸುಮಾರು ಅರ್ಧ ಶತಮಾನ ಅಲ್ಲಿ ಆಳಿದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಆಸ್ತಿ ಹಂಚಿಕೆಯ ವಿಷಯದಲ್ಲಿ ಬ್ರಿಟಿಷರ ಕೋರ್ಟುಗಳೂ ಭಾರತದ ಬಹುಭಾಗದಲ್ಲಿ ಪ್ರಮಾಣವೆಂದು ಒಪ್ಪಿದ ಗ್ರಂಥ ಅದು.

ಅದರ ವ್ಯವಹಾರ ಅಧ್ಯಾಯದಲ್ಲಿ ರಾಜನ ಜೊತೆ ಕೂತು ವಿಚಾರಣೆ ಮಾಡುವ ‘ಸಭ್ಯರು’ ಬರುತ್ತಾರೆ. ಅವರು ಸತ್ಯ ಹೇಳುವವರಾಗಿರಬೇಕು, ಶತ್ರು ಮಿತ್ರ ಇಬ್ಬರನ್ನೂ ಒಂದೇ ಸಮ ನೋಡುವವರಾಗಿರಬೇಕು. ಅದಕ್ಕಿಂತ ಮುಖ್ಯವಾಗಿ, ಅವರು ಎಲ್ಲಿ ಎಡವುತ್ತಾರೆ ಎಂಬುದನ್ನೂ ಸ್ಮೃತಿ ಹೇಳುತ್ತದೆ. ರಾಗದಿಂದ, ಲೋಭದಿಂದ ಅಥವಾ ಭಯದಿಂದ, ಅಂದರೆ ಒಲವಿನಿಂದ, ಆಸೆಯಿಂದ, ಹೆದರಿಕೆಯಿಂದ ತಪ್ಪು ತೀರ್ಮಾನ ಕೊಟ್ಟರೆ, ವ್ಯಾಜ್ಯದಲ್ಲಿ ಸೋತವನಿಗೆ ಬೀಳುವ ದಂಡದ ಎರಡರಷ್ಟನ್ನು ಪ್ರತಿಯೊಬ್ಬ ಸಭ್ಯನೂ ಬೇರೆಬೇರೆಯಾಗಿ ತೆರಬೇಕು. ಗಮನಿಸಿ, ಬೇರೆಬೇರೆಯಾಗಿ! “ಎಲ್ಲರೂ ಹೇಳಿದರು, ನಾನೂ ಹೇಳಿದೆ” ಎಂದರೆ ನಡೆಯುವುದಿಲ್ಲ.

ಆ ಸಭೆಯಲ್ಲಿ ಕೂರುವ ಅರ್ಹತೆ ವೇದಶಾಸ್ತ್ರ ಓದಿದವರಿಗೆ ಮಾತ್ರ, ಹೆಂಗಸರ ಪ್ರಶ್ನೆಯೇ ಇರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಆದರೂ ರಾಗ, ಲೋಭ, ಭಯ ಎಂಬ ಆ ಮೂರು ಪದಗಳನ್ನು ಕೈಯಲ್ಲಿ ಹಿಡಿದುಕೊಂಡು ಮುಂಬಯಿಯ ಕೋರ್ಟಿನೊಳಗೆ ಹೋದರೆ ಬಹಳಷ್ಟು ಅರ್ಥವಾಗುತ್ತದೆ.

ಹೈಕೋರ್ಟಿನ ಫಲಕ

ಇಂಗ್ಲಿಷ್ ಮಾದರಿಯ ಜ್ಯೂರಿ ಭಾರತಕ್ಕೆ ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ಹಿಂದೆಯೇ. 1665ರಲ್ಲಿ ಮದರಾಸಿನಲ್ಲಿ, ತನ್ನ ಗುಲಾಮ ಹುಡುಗಿಯನ್ನು ಕೊಂದ ಆರೋಪ ಹೊತ್ತ ಅಸೆನ್ಷಿಯಾ ಡಾಸ್ ಎಂಬ ಹೆಂಗಸಿನ ವಿಚಾರಣೆ ಜ್ಯೂರಿಯ ಮುಂದೆ ನಡೆದು ಆಕೆ ಬಿಡುಗಡೆಯಾದಳು. ನಮ್ಮ ದೇಶದ ಜ್ಯೂರಿಯ ಕಥೆ ಶುರುವಾಗುವುದೇ ಹೀಗೆ. ಸತ್ತ ಹುಡುಗಿಯ ಕಡೆಯಿಂದ ಯೋಚಿಸುವವರು ಆ ಕೋಣೆಯಲ್ಲಿ ಎಷ್ಟು ಜನ ಇದ್ದಿರಬಹುದು?

ಮುಂಬಯಿ, ಕಲ್ಕತ್ತ, ಮದರಾಸಿನ ಕೋರ್ಟುಗಳಲ್ಲಿ ಭಾರತೀಯರೂ ಜ್ಯೂರಿಯಾಗಬಹುದು ಎಂದು 1826ರಲ್ಲಿ ಕಾನೂನಾಯಿತು. ಆದರೆ ಅದಕ್ಕೊಂದು ಬಾಲ ಇತ್ತು. ಕ್ರೈಸ್ತರಲ್ಲದವರು ಕ್ರೈಸ್ತ ಆರೋಪಿಯ ವಿಚಾರಣೆಯಲ್ಲಿ ಕೂರುವಂತಿಲ್ಲ. ಆ ಬಾಲ ಕತ್ತರಿಸಲು 1832ರವರೆಗೆ ಕಾಯಬೇಕಾಯಿತು. ಮುಂದೆ ಹೈಕೋರ್ಟುಗಳಲ್ಲಿ 9 ಜನರ ಜ್ಯೂರಿ ಬಂತು. ಎಲ್ಲರೂ ಒಪ್ಪಲೇಬೇಕೆಂಬ ಇಂಗ್ಲೆಂಡಿನ ನಿಯಮ ಇಲ್ಲಿರಲಿಲ್ಲ. 6 ಜನ ಒಪ್ಪಿ, ನ್ಯಾಯಾಧೀಶರೂ ಅವರ ಜೊತೆಗಿದ್ದರೆ ಸಾಕಿತ್ತು.

ಈ ‘6 ಸಾಕು’ ಎಂಬುದರ ಅರ್ಥ 1897ರಲ್ಲಿ ಗೊತ್ತಾಯಿತು. ‘ಕೇಸರಿ’ಯ ಬರಹಗಳಿಗಾಗಿ ಬಾಲಗಂಗಾಧರ ತಿಲಕರ ಮೇಲೆ ಮುಂಬಯಿ ಹೈಕೋರ್ಟಿನಲ್ಲಿ ರಾಜದ್ರೋಹದ ಮೊಕದ್ದಮೆ ನಡೆಯಿತು. ಜ್ಯೂರಿಯಲ್ಲಿ 6 ಯುರೋಪಿಯನ್ನರು, 3 ಭಾರತೀಯರು. ತೀರ್ಪು 6-3, ಶಿಕ್ಷೆ 18 ತಿಂಗಳು.

1908ರಲ್ಲಿ ಮತ್ತೆ ಅದೇ ಆರೋಪ. ಆ ವರ್ಷದ ಏಪ್ರಿಲ್‌ನಲ್ಲಿ ಮುಜಫ್ಫರ್‌ಪುರದಲ್ಲಿ ಬಾಂಬು ಸಿಡಿದು ಇಬ್ಬರು ಇಂಗ್ಲಿಷ್ ಹೆಂಗಸರು ಸತ್ತಿದ್ದರು. ಅದರ ಬಗ್ಗೆ ‘ಕೇಸರಿ’ಯಲ್ಲಿ ಬಂದ ಲೇಖನಗಳೇ ಈಗ ಸಾಕ್ಷ್ಯ. ಸರ್ಕಾರ ವಿಶೇಷ ಜ್ಯೂರಿ ಕೇಳಿತು, ತಿಲಕರ ಕಡೆಯವರು ವಿರೋಧಿಸಿದರು. ವಿರೋಧದ ಕಾರಣ ಪರಭಾಷೆಯ ಊರಿನಲ್ಲಿ ಬದುಕುವ ನಮಗೆಲ್ಲ ತಟ್ಟನೆ ಅರ್ಥವಾಗುವಂಥದ್ದು. ಲೇಖನಗಳಿದ್ದದ್ದು ಮರಾಠಿಯಲ್ಲಿ, ವಿಶೇಷ ಜ್ಯೂರಿಗೆ ಬರುವ ಬಹುಪಾಲು ಜನರಿಗೆ ಮರಾಠಿ ಬಾರದು. ಒಂದು ಮಾತಿನಲ್ಲಿ ವ್ಯಂಗ್ಯ ಇದೆಯೋ ಬೆದರಿಕೆ ಇದೆಯೋ ಎಂಬುದು ಅನುವಾದದಲ್ಲಿ ಉಳಿಯುತ್ತದೆಯೇ? ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. 7 ಯುರೋಪಿಯನ್ನರು, 2 ಪಾರ್ಸಿಗಳ ಜ್ಯೂರಿ ಕೂತಿತು. ನ್ಯಾಯಾಧೀಶರಾಗಿದ್ದ ದಿನ್ಶಾ ದಾವರ್ 1897ರಲ್ಲಿ ತಿಲಕರಿಗೆ ಜಾಮೀನು ಕೊಡಿಸಿದ್ದ ವಕೀಲರೇ!

ತಿಲಕರು ತಾವೇ ವಾದಿಸಿದರು, ದಿನಗಟ್ಟಲೆ, ಒಟ್ಟು 20 ಗಂಟೆಗೂ ಹೆಚ್ಚು. ಜುಲೈ 22ರ ರಾತ್ರಿ ತೀರ್ಪು ಬಂತು: 7-2, ಅಪರಾಧಿ. ಯಾರು ಯಾವ ಕಡೆ ಎಂದು ಹೇಳುವ ಅಗತ್ಯವೇ ಇಲ್ಲದಂತೆ ಆ ಸಂಖ್ಯೆ ಜ್ಯೂರಿಯ ರಚನೆಗೆ ಹೊಂದಿಕೊಂಡಿತ್ತು. 6 ವರ್ಷಗಳ ಗಡೀಪಾರು. ಮರುದಿನ ತಿಲಕರ 52ನೇ ಹುಟ್ಟುಹಬ್ಬ. ಅವರನ್ನು ಮಂಡಾಲೆಗೆ ಕಳಿಸಿದರು. ಇತ್ತ ಮುಂಬಯಿಯ ಗಿರಣಿ ಕಾರ್ಮಿಕರು ವರ್ಷಕ್ಕೊಂದು ದಿನದಂತೆ 6 ದಿನ ಮಗ್ಗ ನಿಲ್ಲಿಸಿದರು. 9 ಜನರ ಜ್ಯೂರಿಯಲ್ಲಿ ಜಾಗವಿಲ್ಲದವರು ಬೀದಿಯಲ್ಲಿ ತಮ್ಮ ತೀರ್ಪು ಹೇಳಿದ್ದರು.

ಹೈಕೋರ್ಟಿನಲ್ಲಿ ಆ ವಿಚಾರಣೆ ನಡೆದ ಕೋಣೆಯ ಹೊರಗೆ ಇವತ್ತು ಅಮೃತಶಿಲೆಯ ಫಲಕ ಇದೆ. 1956ರಲ್ಲಿ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅದನ್ನು ಅನಾವರಣ ಮಾಡಿದರು. ಜ್ಯೂರಿ ಏನೇ ಹೇಳಲಿ, ತಾವು ನಿರಪರಾಧಿ ಎಂದು ತಿಲಕರು ಅಂದು ಹೇಳಿದ ಮಾತು ಅದರ ಮೇಲಿದೆ. ಯಾವ ಕಟ್ಟಡದಲ್ಲಿ ಅಪರಾಧಿ ಎಂದರೋ ಅದೇ ಕಟ್ಟಡ ಆ ತೀರ್ಪಿನ ವಿರುದ್ಧದ ಮಾತನ್ನು ಗೋಡೆಗೆ ಹಾಕಿಕೊಂಡಿದೆ.

ಆ ಏಳು ಜನ ಕೆಟ್ಟವರೇ ಆಗಿರಬೇಕಿಲ್ಲ. ಬಾಂಬಿನ ಸುದ್ದಿ ಓದಿ ಹೆದರಿದವರು, ತಮ್ಮ ಜನರ ಬಗ್ಗೆ ಒಲವಿದ್ದವರು. ಸ್ಮೃತಿ ಹೇಳಿದ ರಾಗವೂ ಭಯವೂ ಒಟ್ಟಿಗೆ ಕೂತಿದ್ದವು.

ಐಎನ್‌ಎಸ್ ಮೈಸೂರಿನ ಅಧಿಕಾರಿ

ಎರಡನೆಯ ಕಥೆ ನಿಮಗೆ ಗೊತ್ತಿರುವುದೇ. 2016ರ ‘ರುಸ್ತುಂ’ ಸಿನಿಮಾ ನಮ್ಮ ಮನೆಯಲ್ಲಿ ಎಲ್ಲರೂ ಕೂತು ನೋಡಿದ್ದೆವು. ಮುಗಿದ ಮೇಲೆ ನಮ್ಮತ್ತೆ, “ಪಾಪ ಕಣೇ, ಮರ್ಯಾದಸ್ಥ ಮನುಷ್ಯ. ಜ್ಯೂರಿಯವರು ಬಿಟ್ಟಿದ್ದೇ ಸರಿ” ಎಂದರು. ನಾನೂ ಹೂಂ ಎಂದಿದ್ದೆ. ಅಲ್ಲೂ ಕೈ ಎತ್ತಿದ್ದೆ ಎನ್ನಿ.

ನಿಜವಾಗಿ ನಡೆದದ್ದು ಇಷ್ಟು. ಕಮಾಂಡರ್ ಕಾವಸ್ ಮಾಣೆಕ್‌ಶಾ ನಾನಾವತಿ ನೌಕಾಪಡೆಯ ಅಧಿಕಾರಿ, ನಮ್ಮ ಊರಿನ ಹೆಸರು ಹೊತ್ತ ‘ಐಎನ್‌ಎಸ್ ಮೈಸೂರು’ ಯುದ್ಧನೌಕೆಯ ಎರಡನೇ ಅಧಿಕಾರಿ. 1959ರ ಏಪ್ರಿಲ್ 27ರಂದು ಹೆಂಡತಿ ಸಿಲ್ವಿಯಾ, ಪ್ರೇಮ್ ಅಹುಜಾ ಎಂಬ ವ್ಯಾಪಾರಿಯ ಜೊತೆ ತನಗೆ ಸಂಬಂಧವಿದೆ ಎಂದು ಒಪ್ಪಿಕೊಂಡಳು. ನಾನಾವತಿ ಹೆಂಡತಿ ಮಕ್ಕಳನ್ನು ಮೆಟ್ರೋ ಟಾಕೀಸಿಗೆ ಬಿಟ್ಟ. ಹಡಗಿಗೆ ಹೋಗಿ, ರಾತ್ರಿ ಒಬ್ಬನೇ ಅಹಮದ್‌ನಗರಕ್ಕೆ ಕಾರು ಓಡಿಸಬೇಕಿದೆ ಎಂದು ಹೇಳಿ ರಿವಾಲ್ವರ್ ಮತ್ತು 6 ಗುಂಡು ಪಡೆದ. ಅಹುಜಾನ ಅಂಗಡಿಗೆ ಹೋದ, ಅಲ್ಲಿಲ್ಲ ಎಂದು ತಿಳಿದು ಮಲಬಾರ್ ಹಿಲ್ ಕಡೆಯ ಅವನ ಮನೆಗೆ ಹೋದ. ಮೂರು ಗುಂಡು ಹಾರಿತು, ಅಹುಜಾ ಸತ್ತ. ನಾನಾವತಿ ತಾನೇ ಹೋಗಿ ಪೊಲೀಸರಿಗೆ ಶರಣಾದ.

ಜಗಳದಲ್ಲಿ ಕೈಕೈ ಹತ್ತಿ ಆಕಸ್ಮಿಕವಾಗಿ ಗುಂಡು ಹಾರಿತು ಎಂಬುದು ಆತನ ಪರ ವಾದ. ಸ್ನಾನ ಮುಗಿಸಿ ಬಂದಿದ್ದ ಅಹುಜಾನ ಸೊಂಟದ ಟವೆಲ್ ಸತ್ತ ಮೇಲೂ ಹಾಗೇ ಸುತ್ತಿಕೊಂಡಿತ್ತು. ಜಗಳ ನಡೆದಿದ್ದರೆ ಅದು ಉಳಿಯುತ್ತಿತ್ತೇ ಎಂಬುದು ಎದುರು ವಾದ. ಕೋರ್ಟಿನ ಹೊರಗೆ ಇನ್ನೊಂದು ವಿಚಾರಣೆ ನಡೆಯುತ್ತಿತ್ತು. ಆರ್. ಕೆ. ಕರಂಜಿಯಾ ಅವರ ‘ಬ್ಲಿಟ್ಜ್’ ವಾರಪತ್ರಿಕೆ ನಾನಾವತಿಯನ್ನು ವೀರನನ್ನಾಗಿ ಮಾಡಿತು. ಒಂದು ಕಡೆ ಬಿಳಿ ಸಮವಸ್ತ್ರದ ದೇಶಸೇವಕ, ಇನ್ನೊಂದು ಕಡೆ ಶೋಕಿಲಾಲ ಎಂಬ ಚಿತ್ರ ಊರಿನ ತುಂಬ ಹರಡಿತು. ಜ್ಯೂರಿಯ 9 ಜನರೂ ಇದೇ ಊರಿನವರು.

1959ರ ಅಕ್ಟೋಬರ್ 21ರಂದು ಅವರ ತೀರ್ಪು ಬಂತು: 8-1, ನಿರಪರಾಧಿ. ಸೆಷನ್ಸ್ ನ್ಯಾಯಾಧೀಶ ಆರ್. ಬಿ. ಮೆಹ್ತಾ ಆ ತೀರ್ಪನ್ನು ಒಪ್ಪದೆ ಪ್ರಕರಣವನ್ನು ಹೈಕೋರ್ಟಿಗೆ ಕಳಿಸಿದರು. 1898ರ ದಂಡ ಪ್ರಕ್ರಿಯಾ ಸಂಹಿತೆಯ 307ನೇ ಕಲಮು ಅದಕ್ಕೆ ಅವಕಾಶ ಕೊಟ್ಟಿತ್ತು. ಹೈಕೋರ್ಟು 1960ರ ಮಾರ್ಚ್‌ನಲ್ಲಿ ಕೊಲೆಯೆಂದು ತೀರ್ಮಾನಿಸಿ ಜೀವಾವಧಿ ಶಿಕ್ಷೆ ಕೊಟ್ಟಿತು. ಸುಪ್ರೀಂ ಕೋರ್ಟು 1961ರ ನವೆಂಬರ್ 24ರಂದು ಅದನ್ನೇ ಎತ್ತಿಹಿಡಿಯಿತು.

ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ನನಗೆ ಹಿಡಿಸಿದ್ದು ಎರಡು ವಿಷಯ. ಒಂದು, ಗಡಿಯಾರ. ಮಧ್ಯಾಹ್ನ 1.30ಕ್ಕೆ ಮನೆ ಬಿಟ್ಟ ಮನುಷ್ಯ ಗುಂಡು ಹಾರಿಸಿದ್ದು 4.20ಕ್ಕೆ. ನಡುವೆ ಟಾಕೀಸು, ಹಡಗು, ಅಂಗಡಿ. ಹಠಾತ್ ಸಿಟ್ಟು ಎನ್ನಲು ಆ ಸಮಯ ಹೊಂದುವುದಿಲ್ಲ ಎಂದಿತು ಕೋರ್ಟು. ಎರಡು, ತಪ್ಪು ಜ್ಯೂರಿಯದು ಮಾತ್ರವಲ್ಲ, ಅವರಿಗೆ ಕಾನೂನು ವಿವರಿಸಿದ ನ್ಯಾಯಾಧೀಶರ ತಿಳಿವಳಿಕೆಯ ಮಾತಿನಲ್ಲೂ ಲೋಪಗಳಿದ್ದವು. ಆಕಸ್ಮಿಕ ಎಂಬುದನ್ನು ಯಾರು ಸಾಬೀತು ಮಾಡಬೇಕು ಎಂಬುದನ್ನೇ ಜ್ಯೂರಿಗೆ ಸರಿಯಾಗಿ ಹೇಳಿರಲಿಲ್ಲ. ಪ್ರಶ್ನೆಯೇ ತಪ್ಪಾಗಿ ಕೈಗೆ ಬಂದರೆ 9 ಜನ ಸೇರಿದರೂ ಉತ್ತರ ಸರಿಯಾಗದು. ಸಾಫ್ಟ್‌ವೇರ್ ಕೆಲಸದಲ್ಲಿ ನಾವು ಇದನ್ನು ದಿನಾ ನೋಡುತ್ತೇವೆ.

ಮೂರು ವರ್ಷದ ನಂತರ, 1964ರಲ್ಲಿ, ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತ್ ನಾನಾವತಿಗೆ ಕ್ಷಮಾದಾನ ಕೊಟ್ಟರು. ಆ ಕುಟುಂಬ ಕೆನಡಾಕ್ಕೆ ಹೋಗಿ ನೆಲೆಸಿತು.

ಈ ಒಂದು ಮೊಕದ್ದಮೆಯಿಂದಲೇ ಭಾರತದಲ್ಲಿ ಜ್ಯೂರಿ ರದ್ದಾಯಿತು ಎಂದು ವಾಟ್ಸಾಪಿನಲ್ಲಿ ಓದಿರುತ್ತೀರಿ. ಅದು ಅರ್ಧ ನಿಜ ಕೂಡ ಅಲ್ಲ. ಜ್ಯೂರಿ ನಮ್ಮಲ್ಲಿ ಸರ್ಕಾರ ಗೊತ್ತುಪಡಿಸಿದ ಜಿಲ್ಲೆಗಳಲ್ಲಿ, ಗೊತ್ತುಪಡಿಸಿದ ಅಪರಾಧಗಳಿಗೆ ಮಾತ್ರ ಇತ್ತು. ಅದನ್ನು ಕೈಬಿಡಿ ಎಂದು ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ 1958ರಲ್ಲೇ, ಅಂದರೆ ಗುಂಡು ಹಾರುವ ಹಿಂದಿನ ವರ್ಷವೇ ಹೇಳಿತ್ತು. ನಾನಾವತಿ ಪ್ರಕರಣದ ನಂತರವೂ ಕೆಲವು ಕಡೆ ಜ್ಯೂರಿ ಮುಂದುವರಿಯಿತು. ಕೊನೆಗೆ 1973ರ ಹೊಸ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಸಿಲ್ವಿಯಾ ಮತ್ತು ಫ್ಲೋರಿಡಾದ ಹೆಂಗಸು

ಈ ಎಲ್ಲ ಗದ್ದಲದಲ್ಲಿ ಸಿಲ್ವಿಯಾ ಎಲ್ಲಿದ್ದಳು? ಗಂಡನ ಪರ ಸಾಕ್ಷಿಯಾಗಿ ಕಟಕಟೆಯಲ್ಲಿ ನಿಂತಿದ್ದಳು. ಊರೆಲ್ಲ ಅವಳ ಬದುಕಿನ ಬಗ್ಗೆ ಮಾತಾಡಿತು. ಗಂಡನ ಮಾನ, ಅಹುಜಾನ ನಡತೆ, ಪಾರ್ಸಿ ಸಮಾಜದ ನೋವು, ಸಿಂಧಿ ಸಮಾಜದ ಸಿಟ್ಟು ಎಲ್ಲವೂ ಚರ್ಚೆಯಾಯಿತು. ಅವಳನ್ನು ಒಬ್ಬ ಮನುಷ್ಯಳೆಂದು ನೋಡಿದವರು ಕಡಿಮೆ. ಅತ್ತೆಗೆ ನಾನು, “ಇದೇ ಕೆಲಸ ಹೆಂಗಸು ಮಾಡಿದ್ದರೆ ಬಿಡುತ್ತಿದ್ದರಾ, ಅತ್ತೆ?” ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೆಂಗಸನ್ನಾ? ಯಾರು ಬಿಡ್ತಾರೆ?” ಎಂದರು.

ಅತ್ತೆಯ ಮಾತಿಗೆ ಸಾಕ್ಷಿ ಅಮೆರಿಕದಲ್ಲಿ ಸಿಕ್ಕಿತು. ನಾನಾವತಿ ತೀರ್ಪಿಗೆ ಸರಿಯಾಗಿ ನಾಲ್ಕು ದಿನ ಮೊದಲು, 1961ರ ನವೆಂಬರ್ 20ರಂದು, ಅಲ್ಲಿನ ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತ್ತು. ಫ್ಲೋರಿಡಾದ ಗ್ವೆಂಡೊಲಿನ್ ಹಾಯ್ಟ್ ಎಂಬಾಕೆ ಗಂಡನನ್ನು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದಿದ್ದಳು. ಗಂಡನಿಗೆ ಬೇರೆ ಸಂಬಂಧ ಇದೆ ಎಂಬ ಅನುಮಾನ, ರಾಜಿಗೆ ಹೋದ ಹೆಂಡತಿಯನ್ನು ಅವನು ತಳ್ಳಿಹಾಕಿದ್ದು, ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂಬ ವಾದ ಎಲ್ಲವೂ ಇತ್ತು. ಆಕೆಯ ಜ್ಯೂರಿಯಲ್ಲಿ ಇದ್ದವರೆಲ್ಲ ಗಂಡಸರು. 25 ನಿಮಿಷದಲ್ಲಿ ಅಪರಾಧಿ ಎಂದರು.

ಆ ರಾಜ್ಯದಲ್ಲಿ ಗಂಡಸರ ಹೆಸರು ಜ್ಯೂರಿ ಪಟ್ಟಿಗೆ ತಾನಾಗಿ ಹೋಗುತ್ತಿತ್ತು, ಹೆಂಗಸರು ತಾವೇ ಹೋಗಿ ಹೆಸರು ಬರೆಸಬೇಕಿತ್ತು. ಹೆಂಗಸರಿದ್ದರೆ ತನ್ನ ಸ್ಥಿತಿ ಅವರಿಗೆ ಅರ್ಥವಾಗುತ್ತಿತ್ತು ಎಂದು ಹಾಯ್ಟ್ ವಾದಿಸಿದಳು. ಹೆಣ್ಣು ಇನ್ನೂ ಮನೆ ಸಂಸಾರದ ಕೇಂದ್ರ, ಆದ್ದರಿಂದ ಈ ವಿನಾಯಿತಿ ಸರಿಯೇ ಎಂದಿತು ಕೋರ್ಟು. ಎರಡೂ ಪ್ರಕರಣ ಒಂದೇ ಅಲ್ಲ, ನನಗೆ ಗೊತ್ತು. ಇಬ್ಬರೂ ಕೊಂದದ್ದು ನಿಜ, ಇಬ್ಬರ ಪರವಾಗಿಯೂ ನಾನು ವಾದಿಸುತ್ತಿಲ್ಲ. ಆದರೆ ಒಬ್ಬರ ನೋವು 9 ಜನರಲ್ಲಿ 8 ಜನರಿಗೆ ಅರ್ಥವಾಯಿತು, ಇನ್ನೊಬ್ಬರ ನೋವು 25 ನಿಮಿಷಕ್ಕಿಂತ ಹೆಚ್ಚು ಹೊತ್ತು ಯಾರನ್ನೂ ಕೂರಿಸಲಿಲ್ಲ.

ಇಂಗ್ಲೆಂಡಿನಲ್ಲಿ ಹೆಂಗಸರಿಗೆ ಜ್ಯೂರಿಯಲ್ಲಿ ಸಾಮಾನ್ಯ ಸ್ಥಾನ ಸಿಕ್ಕಿದ್ದು 1919ರ ಕಾನೂನಿನಿಂದ. ಅದಕ್ಕೂ ಮುಂಚೆ ನೂರಾರು ವರ್ಷ ಅವರನ್ನು ಜ್ಯೂರಿಗೆ ಕರೆಯುತ್ತಿದ್ದದ್ದು ಮುಖ್ಯವಾಗಿ ಒಂದೇ ಕೆಲಸಕ್ಕೆ: ಗಲ್ಲು ಶಿಕ್ಷೆಯಾದ ಹೆಂಗಸು ಬಸುರಿಯೋ ಅಲ್ಲವೋ ಎಂದು ನೋಡಿ ಹೇಳಲು. ಅಮೆರಿಕದ ಕೋರ್ಟು ಹಾಯ್ಟ್ ಪ್ರಕರಣದ ನಿಲುವನ್ನು ಬಿಟ್ಟದ್ದು 1975ರಲ್ಲಿ.

ಎಷ್ಟು ಜನ ಒಪ್ಪಬೇಕು?

ಯಾರು ಕೂರಬೇಕು ಎಂಬುದು ಒಂದು ಪ್ರಶ್ನೆಯಾದರೆ, ಕೂತವರು ಹೇಗೆ ತೀರ್ಮಾನಕ್ಕೆ ಬರಬೇಕು ಎಂಬುದು ಇನ್ನೊಂದು. ಒಂದೊಂದು ಸಮಾಜ ಒಂದೊಂದು ದಾರಿ ಹಿಡಿದಿದೆ.

ಹಳೆಯ ಅಥೆನ್ಸಿನಲ್ಲಿ ಸಾಕ್ರಟೀಸನ ವಿಚಾರಣೆಗೆ ಕೂತವರು ಸುಮಾರು 500 ಜನ. ಅವರು ಒಳಗೆ ಕೂತು ಚರ್ಚಿಸುವ ಪದ್ಧತಿಯೇ ಇರಲಿಲ್ಲ. ಎರಡೂ ಕಡೆ ಕೇಳಿ ಗುಟ್ಟಾಗಿ ಮತ ಹಾಕಿ ಮನೆಗೆ ಹೋಗುತ್ತಿದ್ದರು. ಇಂಗ್ಲೆಂಡಿನಲ್ಲಿ 12 ಜನ, ಎಲ್ಲರೂ ಒಪ್ಪಬೇಕಿತ್ತು. 1670ರಲ್ಲಿ ವಿಲಿಯಂ ಪೆನ್ ಎಂಬ ಧರ್ಮಪ್ರಚಾರಕನನ್ನು ಶಿಕ್ಷಿಸಲು ಜ್ಯೂರಿ ಒಪ್ಪದಿದ್ದಾಗ ಅನ್ನ ನೀರು ಕೊಡದೆ ಕೂಡಿಹಾಕಿದರು, ದಂಡ ಹಾಕಿದರು. ದಂಡ ಕಟ್ಟದೆ ಜೈಲಿಗೆ ಹೋದ ಬುಶೆಲ್ ಎಂಬ ಸದಸ್ಯನಿಂದಾಗಿ, ತೀರ್ಪಿಗಾಗಿ ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಎಂಬ ನಿಯಮ ಹುಟ್ಟಿತು. ಅಲ್ಲೂ 1967ರಿಂದ 10-2 ಸಾಕು. ಸ್ಕಾಟ್ಲೆಂಡಿನಲ್ಲಿ 15 ಜನ, ಬಹುಕಾಲ ಕೇವಲ 8 ಮತ ಸಾಕಿತ್ತು. ಜಪಾನಿನಲ್ಲಿ 2009ರಿಂದ 6 ನಾಗರಿಕರೂ 3 ನ್ಯಾಯಾಧೀಶರೂ ಒಟ್ಟಿಗೆ ಕೂರುತ್ತಾರೆ. ಶಿಕ್ಷೆಗೆ ಬಹುಮತ ಬೇಕು, ಆ ಬಹುಮತದಲ್ಲಿ ಒಬ್ಬ ನ್ಯಾಯಾಧೀಶರಾದರೂ ಇರಬೇಕು. ಫ್ರಾನ್ಸಿನಲ್ಲೂ ಹೀಗೇ ಒಟ್ಟಿಗೆ ಕೂತು ಚೀಟಿ ಬರೆದು ಮತ ಹಾಕುತ್ತಾರೆ.

ಅಮೆರಿಕದ ಲೂಸಿಯಾನ ರಾಜ್ಯದ ಕಥೆ ಮಾತ್ರ ತಿಲಕರ ಜ್ಯೂರಿಯನ್ನು ನೆನಪಿಸುವಂಥದ್ದು. ಗುಲಾಮಗಿರಿ ಹೋದ ಮೇಲೆ ಕಪ್ಪು ಜನರನ್ನು ಜ್ಯೂರಿಯಿಂದ ಪೂರ್ತಿ ಹೊರಗಿಡುವುದು ಕಷ್ಟವಾಯಿತು. 1898ರಲ್ಲಿ ಆ ರಾಜ್ಯ ಹೊಸ ಸಂವಿಧಾನ ಬರೆದು, 12ರಲ್ಲಿ 9 ಜನ ಒಪ್ಪಿದರೆ ಸಾಕು ಎಂದಿತು. ಒಬ್ಬಿಬ್ಬರು ಕಪ್ಪು ಸದಸ್ಯರು ಕೂತರೂ ಅವರ ಮಾತು ಲೆಕ್ಕಕ್ಕೆ ಬಾರದಂತೆ ಮಾಡುವ ಉಪಾಯ ಅದು. ನಂತರ ಅದು 10 ಆಯಿತು. ಗಂಭೀರ ಅಪರಾಧಗಳಿಗೆ ಎಲ್ಲ 12 ಜನರೂ ಒಪ್ಪಲೇಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು 2020ರಲ್ಲಿ! ಜನರನ್ನು ಒಳಗೆ ಬಿಟ್ಟುಕೊಂಡೂ ಅವರ ಮಾತನ್ನು ಹೊರಗಿಡಬಹುದು. ಅದಕ್ಕೆ ಬಾಗಿಲು ಮುಚ್ಚಬೇಕಿಲ್ಲ, ಎಣಿಕೆಯ ನಿಯಮ ಬದಲಿಸಿದರೆ ಸಾಕು.

ಜ್ಯೂರಿ ಕೋಣೆಯೊಳಗೆ ಏನಾಗುತ್ತದೆ ಎಂದು ಅಧ್ಯಯನ ಮಾಡಿದವರೂ ಇದ್ದಾರೆ. ಷಿಕಾಗೊದ ಹ್ಯಾರಿ ಕ್ಯಾಲ್ವನ್ ಮತ್ತು ಹ್ಯಾನ್ಸ್ ಝೈಸೆಲ್ 1966ರ ತಮ್ಮ ಪುಸ್ತಕದಲ್ಲಿ, ಮೊದಲ ಸುತ್ತಿನ ಮತದಲ್ಲಿ ಬಹುಮತ ಯಾವ ಕಡೆ ಇರುತ್ತದೋ ಕೊನೆಯ ತೀರ್ಪೂ ಬಹುತೇಕ ಅದೇ ಆಗಿರುತ್ತದೆ ಎಂದು ತೋರಿಸಿದರು. ‘ಏಕ್ ರುಕಾ ಹುವಾ ಫೈಸ್ಲಾ’ ಸಿನಿಮಾದಲ್ಲಿ ಒಬ್ಬ ಮನುಷ್ಯ ಹನ್ನೊಂದು ಜನರ ಮನಸ್ಸು ಬದಲಿಸುತ್ತಾನಲ್ಲ, ನಿಜ ಜೀವನದಲ್ಲಿ ಅದು ಅಪರೂಪ. ಮುಂದೆ ರೀಡ್ ಹೇಸ್ಟಿ ಮತ್ತು ಸಂಗಡಿಗರು ಅಣಕು ಜ್ಯೂರಿಗಳನ್ನು ಕೂರಿಸಿ ನೋಡಿ 1983ರಲ್ಲಿ ಇನ್ನೊಂದು ವಿಷಯ ಹೇಳಿದರು. ಜ್ಯೂರಿಗಳಲ್ಲಿ ಎರಡು ಬಗೆ. ಕೆಲವು ಕೂತ ತಕ್ಷಣ ಮತ ಹಾಕಿ, ಆಮೇಲೆ ತಮ್ಮ ತಮ್ಮ ಮತಕ್ಕಾಗಿ ವಾದಿಸುತ್ತವೆ. ಇನ್ನು ಕೆಲವು ಮೊದಲು ಸಾಕ್ಷ್ಯವನ್ನು ಒಂದೊಂದಾಗಿ ಮಾತಾಡಿ, ನಡೆದದ್ದೇನು ಎಂಬ ಚಿತ್ರ ಕಟ್ಟಿ, ಕೊನೆಗೆ ಮತ ಹಾಕುತ್ತವೆ. ಬಹುಮತ ಸಾಕು ಎಂದಿರುವ ಕಡೆ ಮೊದಲನೆಯ ಬಗೆ ಹೆಚ್ಚು, ಅಲ್ಲಿ ಅಲ್ಪಮತದವರು ಮಾತಾಡುವುದೂ ಕಡಿಮೆ. ಎಲ್ಲರೂ ಒಪ್ಪಬೇಕು ಎಂದಾಗ ಒಬ್ಬರ ಸಂಶಯಕ್ಕೂ ಉತ್ತರ ಹುಡುಕಬೇಕಾಗುತ್ತದೆ.

ಇದನ್ನು ಓದುವಾಗ ನನಗೆ ನಮ್ಮ ಆ ಸಂಜೆಯೇ ಕಣ್ಣಮುಂದೆ ಬಂತು. ನಾವು ಮಾಡಲು ಹೊರಟದ್ದು ಮೊದಲನೆಯದು.

ಇನ್ನೂ ಉಳಿದಿರುವ ಜ್ಯೂರಿ

ಮುಂಬಯಿಯಲ್ಲಿ ಜ್ಯೂರಿ ಪೂರ್ತಿ ಸತ್ತಿಲ್ಲ ಎಂದರೆ ನಂಬುತ್ತೀರಾ? ಪಾರ್ಸಿ ದಂಪತಿಗಳ ವಿಚ್ಛೇದನ ಪ್ರಕರಣಗಳನ್ನು ಕೇಳುವ ವಿಶೇಷ ನ್ಯಾಯಾಲಯದಲ್ಲಿ ನ್ಯಾಯಾಧೀಶರ ಜೊತೆ ಅದೇ ಸಮಾಜದ ‘ಡೆಲಿಗೇಟ್’ಗಳು ಕೂರುತ್ತಾರೆ. 1865ರ ಕಾನೂನಿನಿಂದ ಬಂದ ಪದ್ಧತಿ ಇದು. 1936ರ ಕಾನೂನಿನಂತೆ ಅವರು 7 ಜನ, 1988ರ ತಿದ್ದುಪಡಿಯ ನಂತರ 5 ಜನ. ಕಾನೂನಿನ ಪ್ರಶ್ನೆ ನ್ಯಾಯಾಧೀಶರದ್ದು, ನಡೆದದ್ದೇನು ಎಂಬ ತೀರ್ಮಾನ ಡೆಲಿಗೇಟ್‌ಗಳ ಬಹುಮತದ್ದು. ಹಳೆಯ ಬೃಹಸ್ಪತಿ ಸ್ಮೃತಿಯೂ ಸಭ್ಯರು 7, 5 ಅಥವಾ 3 ಇರಬಹುದು ಎನ್ನುತ್ತದೆ! ನಮ್ಮವರೇ ನಮ್ಮ ಸಂಸಾರದ ಗುಟ್ಟು ಕೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದು ಒಂದು ವಾದ. ಎಲ್ಲರೂ ಎಲ್ಲರಿಗೂ ಪರಿಚಯವಿರುವ ಚಿಕ್ಕ ಸಮಾಜದಲ್ಲಿ ಅಪರಿಚಿತ ನ್ಯಾಯಾಧೀಶರೇ ಮೇಲು ಎಂಬುದು ಇನ್ನೊಂದು. ಈ ಪದ್ಧತಿಯನ್ನು ಪ್ರಶ್ನಿಸಿ ಪಾರ್ಸಿ ಮಹಿಳೆಯೊಬ್ಬರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದಾರೆ.

ಜ್ಯೂರಿ ಮತ್ತೆ ಬರಬೇಕು ಎಂದು ನಾನು ಹೇಳುತ್ತಿಲ್ಲ. ತಿಲಕರ ಪ್ರಕರಣ, ನಾನಾವತಿ ಪ್ರಕರಣ ಎರಡನ್ನೂ ನೋಡಿದ ಮೇಲೆ ಆ ಧೈರ್ಯ ನನಗಿಲ್ಲ. ಆದರೆ ನಾವು ಗಮನಿಸದೇ ಇರುವ ಜ್ಯೂರಿಗಳು ನಮ್ಮ ಸುತ್ತಲೇ ಇವೆ. ಕಚೇರಿಯ ಆಂತರಿಕ ಸಮಿತಿ, ಹೌಸಿಂಗ್ ಸೊಸೈಟಿಯ ಸಭೆ, ನಮ್ಮ ಸಂಘಗಳ ಕಾರ್ಯಕಾರಿ ಸಮಿತಿ, ಮದುವೆ ಮುರಿಯುವ ಹಂತದಲ್ಲಿ ಸೋಫಾದ ಮೇಲೆ ಕೂರುವ ಹಿರಿಯರು. ಅಲ್ಲೆಲ್ಲ ನಮ್ಮ ಒಂದು ಕೈ ಇನ್ನೊಬ್ಬರ ಕೆಲಸವನ್ನೋ ಮಾನವನ್ನೋ ಮನೆಯನ್ನೋ ತೀರ್ಮಾನಿಸುತ್ತದೆ. ಒಂದು ತಲೆಮಾರಿನ ಹಿಂದೆ ಹೆಂಗಸರಿಗೆ ಅಲ್ಲಿ ಕುರ್ಚಿ ಇರಲಿಲ್ಲ. ಈಗ ಇದೆ, ಕೆಲವು ಕಡೆ ಕಾನೂನಿನಿಂದಲೇ ಇದೆ.

ಕುರ್ಚಿ ಸಿಕ್ಕಿತೆಂದು ಕೆಲಸ ಮುಗಿಯುವುದಿಲ್ಲ ಎಂದು ನನಗೆ ನಾನೇ ತೋರಿಸಿಕೊಂಡೆ. ಅಂದು ನನ್ನ ಕೈ ಎತ್ತಿಸಿದ್ದು ಮನೆಗೆ ಬೇಗ ಹೋಗುವ ಆಸೆ, ಹಿರಿಯರ ಮುಂದೆ ಬೇರೆ ಮಾತಾಡುವ ಭಯ, ಪರಿಚಿತರ ಮೇಲಿನ ಒಲವು. ಒಂಬೈನೂರು ವರ್ಷ ಹಿಂದೆ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ವಿವರಿಸಿದ ಮೂರೂ ನನ್ನೊಳಗೇ ಇದ್ದವು.

ನಮ್ಮಲ್ಲಿ ಒಂದು ಗಾದೆ ಇದೆ: ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಬೇರೆಯಾಗಿ ಯೋಚಿಸುವವರನ್ನು ನಗುವುದಕ್ಕೆ ಹೇಳುವ ಗಾದೆ. ಆದರೆ ಇನ್ನೊಂದೂ ಇದೆ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಆ ಹಿರಿಯ ಮಹಿಳೆ ಅಂದು ಎರಡನೆಯ ಗಾದೆಯನ್ನು ಪಾಲಿಸಿ ಮೊದಲನೆಯದಕ್ಕೆ ಸಿಕ್ಕಿಬಿದ್ದರು. ಅವರ ಒಂದು ಮಾತಿನಿಂದ ನಾವೆಲ್ಲರೂ ಕಡತ ತೆರೆದು, ತಾರೀಖು ಹಿಡಿದು, ಒಂದೊಂದೇ ಹಾಳೆ ಓದಿದೆವು. ಮತ ಹಾಕಿದ್ದು ಎಷ್ಟೋ ದಿನದ ನಂತರ. ಆ ಸಲ ನಾನು ಕೈ ಎತ್ತಿದ್ದಕ್ಕೆ ನನ್ನ ಹತ್ತಿರ ಕಾರಣವಿತ್ತು.

ನಿಮ್ಮನ್ನೂ ಇಂಥ ಕುರ್ಚಿಗೆ ಕರೆದರೆ ದಯವಿಟ್ಟು ಹೋಗಿ, ಗೆಳತಿಯರೇ. ಯಾರಾದರೂ “ಕೈ ಎತ್ತಿಬಿಡೋಣ” ಎಂದಾಗ, ಓದಿರದಿದ್ದರೆ ಓದಿಲ್ಲ ಎಂದು ಹೇಳಿ. ಲೋಕಲ್ ಇನ್ನೊಂದು ಬರುತ್ತದೆ.